ಅಕ್ಕನ ಕೈ

ಅಕ್ಕ ಕೊನೆಯ ಸಲ ನನ್ನ ಅಂಗಡಿಗೆ ಬಂದ ದಿನ ವಿಶೇಷವೇನೂ ಇರಲಿಲ್ಲ. ಹಟ್ಟಿಕೇರಿಯಿಂದ ಹೊತ್ತು ತಂದ ಹರಿವೆ, ಬದನೆ ಎಲ್ಲ ಅಂಕೋಲೆ ಪೇಟೆಯಲ್ಲಿ ಹತ್ತು ಗಂಟೆಯೊಳಗೆ ಖರ್ಚಾಗಿದ್ದವು. ಖಾಲಿ ಬುಟ್ಟಿಯನ್ನು ನನ್ನ ಫೋಟೋ ಸ್ಟುಡಿಯೋದ ಬಾಗಿಲಲ್ಲಿಟ್ಟು, "ತಮಾ, ಒಂದು ಫೋಟೋ ತೆಗಿ. ಹೊಸ ಬಳೆ ಕಾಣ್ಬೇಕು ಮತ್ತೆ," ಎಂದಳು. ಎರಡೂ ಕೈ ಮಡಿಲಲ್ಲಿ ಇಡಿಸಿ ತೆಗೆದೆ. ಅವಳು ಚಹಾ ಕುಡಿಯುವಷ್ಟರಲ್ಲಿ ಕಂಪ್ಯೂಟರಿನಲ್ಲಿ ತಿದ್ದಿಯೂ ಆಯಿತು. ಇಣುಕಿ ನೋಡಿದ ಅಕ್ಕ, "ಇದು ಯಾರ ಕೈಯೋ ಮಾರಾಯಾ?" ಎಂದು ನಕ್ಕಳು. ಕೈಮೇಲಿನ ಉಬ್ಬಿದ ನರಗಳನ್ನೆಲ್ಲ ನಾನು ಅಳಿಸಿಬಿಟ್ಟಿದ್ದೆ. "ಈ ಕೈಯಲ್ಲಿ ಬುಟ್ಟಿ ಎತ್ತೂಕೆ ಆಗ್ತದ್ಯನಾ? ನಂದು ನಂಗೆ ಕೊಡು." "ನಾಳೆ ಮಾಡಿಕೊಡ್ತೆ," ಅಂದೆ. ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕುಸಿದವಳು ಮತ್ತೆ ಏಳಲಿಲ್ಲ.

ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಫೋಟೋ ತೆಗೆಯುವುದು ಅದರ ಅರ್ಧ ಮಾತ್ರ. ಉಳಿದರ್ಧ, ತೆಗೆದದ್ದರಲ್ಲಿ ಇರುವುದನ್ನು ತೆಗೆಯುವುದು. ಮಚ್ಚೆ, ಸುಕ್ಕು, ಮೊಡವೆ, ನರ. ಶೆಟಗೇರಿಯ ನಿವೃತ್ತ ಮಾಸ್ತರರೊಬ್ಬರು ಕುತ್ತಿಗೆಯ ನರ ತೋರಿಸಿ, "ಇದನ್ನ ತೆಗೀರಿ. ಇಲ್ದಿದ್ರೆ ಹೆಂಡ್ತಿಗೆ ಬೈವಾಗ ತೆಗ್ಸಿದ ಫೋಟೋ ಅಂತಾರೆ," ಎಂದಿದ್ದರು. ಜೊತೆಗಿದ್ದ ಹೆಂಡತಿ, "ಇರ್ಲಿ ಬಿಡಿ, ಸುಳ್ಳೇನಲ್ಲ," ಅಂದರು. ಯಾರ ಮಾತು ನಡೆಸಿದರೂ ಇನ್ನೊಬ್ಬರಿಗೆ ಬೇಜಾರು ಎಂದು ನಾನು ಕೇಳದೆಯೇ ಅಳಿಸುವ ಅಭ್ಯಾಸ ಮಾಡಿಕೊಂಡಿದ್ದೆ. ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ರೀಲಿನ ಕಾಲವಾಗಿದ್ದರೆ ನೆಗೆಟಿವ್ ಆದರೂ ಉಳಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದು ಎರಡು ವರ್ಷವಾಗಿತ್ತಷ್ಟೆ. ಅಕ್ಕನ ಫೋಟೋ ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸಿದ್ದೆ, ಮೂಲ ಹೋಗಿತ್ತು. ಕ್ಯಾಮೆರಾದ ಕಾರ್ಡನ್ನೂ ಸಂಜೆಯ ಮದುವೆಗೆಂದು ಖಾಲಿ ಮಾಡಿದ್ದೆ. ಅಚ್ಚುಕಟ್ಟಿನ ಮನುಷ್ಯ ನಾನು.

ಭಾವ ಆ ಫೋಟೋ ದೊಡ್ಡದು ಮಾಡಿಸಿಕೊಡು ಎಂದಾಗ ನರವಿಲ್ಲದ ಆ ಕೈ ಅಡ್ಡ ಬಂತು. ಒಂದು ವಾರದಲ್ಲಿ ಕೊಡ್ತೆ ಅಂದೆ. ನರ ಅಳಿಸಿದವನಿಗೆ ಬರೆಯುವುದೇನು ಕಷ್ಟ? ಬರೆದೆ. ಜಿಲ್ಲೆಯ ನಕಾಶೆಯಲ್ಲಿ ಹೊಳೆ ಹರಿದಂತೆ ಕಂಡಿತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಡಾಕ್ಟರರನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, ನರ ಯಾಕೆ ಎದ್ದು ಕಾಣುತ್ತದೆ ಎಂದು ಕೇಳಿದೆ. ಅವರು ಸಮಾಧಾನದಿಂದ ಹೇಳಿದರು: "ಅವು ನರ ಅಲ್ಲ, ರಕ್ತನಾಳ. ವಯಸ್ಸಾದಂತೆ ಚರ್ಮ ತೆಳುವಾಗ್ತದೆ, ಅಡಿಯ ಕೊಬ್ಬು ಕರಗ್ತದೆ. ಬಿಸಿಲಲ್ಲಿ ಹಿಗ್ಗುತ್ತವೆ. ಭಾರ ಎತ್ತುವವರಲ್ಲಿ ಇನ್ನೂ ಮೇಲೆ ಬರ್ತವೆ. ಕೈ ಇಳಿಬಿಟ್ರೆ ತುಂಬ್ತವೆ, ಎತ್ತಿದ್ರೆ ಇಳೀತವೆ." ಅಂದರೆ ಬಿಸಿಲು, ಬುಟ್ಟಿ, ಮೂವತ್ತು ವರ್ಷ. ಮನೆಯಲ್ಲಿ ಅಕ್ಕ ನನ್ನ ತಟ್ಟೆ ತುಂಬಿಸಿ ತಾನು ಗಂಜಿತಿಳಿ ಕುಡಿದದ್ದೂ ಆ ಲೆಕ್ಕದಲ್ಲಿ ಸೇರುತ್ತದೇನೋ, ಕೇಳಲಿಲ್ಲ.

ಆಮೇಲೆ ನಾನು ಜನರ ಮುಖ ನೋಡುವುದನ್ನೇ ಬಿಟ್ಟೆ. ಅಕ್ಕನಂಥ ಕೈ ಸಿಕ್ಕೀತೆಂದು, ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದ ಕೈಗಳನ್ನೆಲ್ಲ ನೋಡುತ್ತಿದ್ದೆ. ಮೇಲೆತ್ತಿದ ಕೈಯಲ್ಲಿ ನರ ಇಳಿದಿರುತ್ತದೆಂದು ಡಾಕ್ಟರರು ಹೇಳಿದ್ದು ನೆನಪಾಗುವಷ್ಟರಲ್ಲಿ ಕಾರವಾರದ ಹತ್ತಿರದ ಬಿಣಗಾ ಬಂದಿರುತ್ತಿತ್ತು. ಒಂದು ದಿನ ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಹೆಂಗಸು ಗದರಿದಳು: "ಎಂತ ಹಂಗೆ ನೋಡೂದು? ಕೈ ನೋಡಿ ಭವಿಷ್ಯ ಹೇಳ್ತ್ಯನಾ?" ಪಕ್ಕದವರೆಲ್ಲ ತಿರುಗಿದರು. ಬೇರೆ ದಾರಿಯಿಲ್ಲದೆ ನಿಜ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲ ಮೇಲೆ ಹರಡಿದಳು. "ತಕಾ, ನಂದೇ ತೆಗಿ. ಇದ್ರಲ್ಲಿ ಬೇಕಾದಷ್ಟು ಉಂಟು. ಬಂಗಡೆ ವಾಸನೆ ಫೋಟೋದಲ್ಲಿ ಬರೂದಿಲ್ಲ ಅಲ್ಲ?"

ಅವಳ ಕೈಯ ಫೋಟೋ ತೆಗೆದು, ಆ ನರಗಳನ್ನು ತಂದು ಅಕ್ಕನ ಕೈಗೆ ಕೂಡಿಸಿದೆ. ಕೆಲಸ ಚೆನ್ನಾಗಿಯೇ ಆಯಿತು. ಭಾವ ಬಂದು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿ, "ಕೈ ಚಂದ ಇದೆ. ಅವಳ್ದು ಅಲ್ಲ," ಎಂದರು. "ಅವಳ್ದು ಹೆಂಗಿತ್ತು ಭಾವಾ?" ಅಂದೆ. "ನಿಂಗೇ ಗೊತ್ತಿರ್ಬೇಕಲ್ಲೋ. ನಿನ್ನ ಎತ್ತಿ ಆಡಿಸಿದ ಕೈ," ಅಂದರು.

ಗೊತ್ತಿಲ್ಲ. ದೊಡ್ಡ ನರ ಹೆಬ್ಬೆರಳ ಕಡೆ ಕವಲೊಡೆಯುತ್ತಿತ್ತೋ ಕಿರುಬೆರಳ ಕಡೆಯೋ, ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಆ ಕೈಯಿಂದ ಉಂಡವನು ನಾನು. ಅದನ್ನು ಗಮನವಿಟ್ಟು ನೋಡಿದ್ದು ಒಂದೇ ಸಲ, ಅಳಿಸುವಾಗ.

ಫೋಟೋ ಈಗ ಹಟ್ಟಿಕೇರಿಯ ಮನೆಯ ಗೋಡೆಯಲ್ಲಿದೆ. ಮೀನಿನವಳ ನರಗಳನ್ನು ತೆಗೆದು, ಮೊದಲು ಅಳಿಸಿಟ್ಟಿದ್ದಂತೆಯೇ ಕೊಟ್ಟೆ. ಮುಖ ಸರಿಯಿದೆ. ಬಳೆ ಅವಳು ಹೇಳಿದ ಹಾಗೆ ಕಾಣುತ್ತವೆ. ಕೈಮೇಲೆ ನರ ಇಲ್ಲ.