ಮೋಟರ್ ಸೈಕಲ್ ಸತ್ತದ್ದು ಏತರಿಂದ

ಮನುಷ್ಯ ಮಲಗಿದರೆ ಕಾರಣ ಹೇಳಲು ಒಬ್ಬ ಡಾಕ್ಟರು ಸಾಕು. ಮೋಟರ್ ಸೈಕಲ್ ಕೆಟ್ಟರೆ ಊರೇ ಡಾಕ್ಟರಾಗುತ್ತದೆ. ಅರವತ್ತರ ದಶಕದಲ್ಲಿ ನಮ್ಮ ಯಜಮಾನರು ಶಿಗ್ಗಾವಿಯಲ್ಲಿ ದನದ ಡಾಕ್ಟರಾಗಿದ್ದಾಗ ಇದನ್ನು ಕಣ್ಣಾರೆ ಕಂಡೆ.

೧. ಚಕ್ಕಡಿ ಸವಾರಿ

ಒಂದು ಬೇಸಿಗೆಯ ಮಧ್ಯಾಹ್ನ ಹಿರೇಬೆಂಡಿಗೇರಿಯ ದಾರಿಯಲ್ಲಿ ಅವರ ಮೋಟರ್ ಸೈಕಲ್ ಕಿರುಗುಟ್ಟಿ ನಿಂತುಬಿಟ್ಟಿತು. ಎಷ್ಟು ಒದ್ದರೂ ಕಿಕ್ ಅಲುಗಲಿಲ್ಲ. ಎತ್ತಿನ ಚಕ್ಕಡಿಯಲ್ಲಿ ಹೇರಿಕೊಂಡು ಮನೆಗೆ ಬಂದರು. ಚಕ್ಕಡಿಯವನು ದಾರಿಯುದ್ದಕ್ಕೂ ಸಮಾಧಾನ ಹೇಳಿದನಂತೆ. "ಎತ್ತು ಆಗಿದ್ರ ಬಾಯಿ ತೆರೆಸಿ ನೋಡ್ತಿದ್ರಿ. ಇದಕ್ಕ ಬಾಯೇ ಇಲ್ಲಲ್ರಿ ಸಾಹೇಬ್ರ."

೨. ಊರ ಡಾಕ್ಟರು

ನೆರೆಮನೆಯಾಕೆ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕಾನ್ವೆಂಟಿನಲ್ಲಿ ಓದಿದ ನಾನು ಅಂಥದ್ದನ್ನು ನಂಬುವವಳಲ್ಲ. ಘಾಟು ಬರಲಿಲ್ಲವೆಂದು ಗಮನಿಸಿದೆ, ಅಷ್ಟೇ.

ಹಿಟ್ಟಿನ ಗಿರಣಿಯವರು ಎಂಜಿನ್ ಬಲ್ಲವರು. ಎಣ್ಣೆ ಇಲ್ಲದೆ ಕಚ್ಚಿಕೊಂಡಿದೆ ಎಂದರು. ಎಣ್ಣೆ ಹಾಕುವವನು ಆಫೀಸಿನ ಜವಾನ, ಪಟ್ಟೇವಾಲ. ಹಾಕಿದ್ದೇನೆಂದು ಅವನು ಅತ್ತರೂ ಯಜಮಾನರು ಕೇಳಲಿಲ್ಲ. ಅವನನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಿನವರಿಗೆ ಕಾಗದ ಬರೆದರು. ಅದರ ಕಾಗುಣಿತ ತಿದ್ದಿದವಳು ನಾನೇ.

೩. ಸವಣೂರಿನ ಮಿಸ್ತ್ರಿ

ಕಾಗದ ಟಪಾಲಿಗೆ ಬೀಳುವ ಮೊದಲೇ ಸವಣೂರಿನ ಮಿಸ್ತ್ರಿ ಬಂದ. ಕೊಳಕನ್ನು ಪರರಿಗೆ ತೋರಿಸಬಾರದೆಂದು ನಾನು ಗಾಡಿಯನ್ನು ತೊಳೆಸಿಟ್ಟಿದ್ದೆ. ಅವನು ಎಂಜಿನ್ ಬಿಚ್ಚಿದ. ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡಿತ್ತು, ಎಣ್ಣೆ ಬೇಕಾದಷ್ಟಿತ್ತು. ಪಟ್ಟೇವಾಲ ಗೋಡೆಗೊರಗಿ ಉಸಿರು ಬಿಟ್ಟ. ಹಾಗಾದರೆ ಇಷ್ಟು ಕಾದದ್ದು ಹೇಗೆ? ಮಿಸ್ತ್ರಿ ಸಿಲಿಂಡರಿನ ಸುತ್ತಲ ಲೋಹದ ರೆಕ್ಕೆಗಳ ಸಂದಿಯಿಂದ ಸುಟ್ಟ ಕೆಂಪು ನೂಲೊಂದನ್ನು ಎಳೆದು ಮೂಸಿದ.

"ಈ ರೆಕ್ಕಿಗೆ ಗಾಳಿ ಬಡದ್ರನ ಎಂಜಿನ್ ತಣ್ಣಗ ಇರತೈತ್ರಿ. ಇಂಥಾ ಬ್ಯಾಸಿಗ್ಯಾಗ ಇದಕ್ಕ ಕೌದಿ ಹೊಚ್ಚಿದವ್ರು ಯಾರ್ರಿ?"

೪. ಪರಿಹಾರ

ಹೊಚ್ಚಿದವಳು ನಾನು. ಧೂಳು ಕೂಡುತ್ತದೆಂದು ಹಿಂದಿನ ವಾರ ಹಳೆಯ ಸೀರೆಗಳ ಕೌದಿ ಹೊಲಿದು ಎಂಜಿನ್ನಿಗೆ ಅಂಗಿಯಂತೆ ತೊಡಿಸಿದ್ದೆ. ಹೊಗೆಕೊಳವೆ ಹೊರಬರಲೆಂದು ಗುಂಡಿಯ ಕಾಜಿನಂಥ ತೂತು ಕೂಡ ಬಿಟ್ಟಿದ್ದೆ. ಬೇಡವೆನ್ನುವ ಧೈರ್ಯ ಯಜಮಾನರಿಗಿರಲಿಲ್ಲ. ಗಾಡಿ ತೊಳೆಸುವಾಗ ಅದನ್ನೂ ಒಗೆಸಿ ಹಿತ್ತಲಲ್ಲಿ ಒಣಹಾಕಿಸಿದ್ದೆ. ಹೊಲಿಗೆಯಲ್ಲಿ ಒಂದೇ ಒಂದು ತಪ್ಪಿರಲಿಲ್ಲ, ಇಂದಿಗೂ ಹೇಳುತ್ತೇನೆ.

ಆದರೂ ಆ ಕಾಗದವನ್ನು ಎಲ್ಲರೆದುರು ನಾನೇ ಹರಿದೆ. ಪಟ್ಟೇವಾಲನ ಕ್ಷಮೆ ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಬದಲಿಗೆ, ನಿನಗೊಂದು ಬೆಚ್ಚನೆಯ ಕೋಟು ಹೊಲಿದುಕೊಡುತ್ತೇನೆ ಎಂದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ. "ಬ್ಯಾಡ್ರಿ ಬಾಯಾರ. ನನಗೂ ಗಾಳಿ ಬೇಕಾಗತೈತ್ರಿ."