ಕುರಿಯ ಕಿವಿ ಮತ್ತು ನಮ್ಮ ಮಾವನ ಕಂಪ್ಯೂಟರು

ನಮ್ಮ ಸೋದರಮಾವನನ್ನು ‘ಏನು ಸಮಾಚಾರ?’ ಎಂದು ಕೇಳಿ ನೆಮ್ಮದಿಯಾಗಿ ಮನೆಗೆ ಹೋದವರನ್ನು ನಾನಂತೂ ಕಂಡಿಲ್ಲ. “ಯಾವುದರ ಸಮಾಚಾರ? ಕೀ ಹೇಳು, ವ್ಯಾಲ್ಯೂ ಹೇಳ್ತೀನಿ” ಎನ್ನುತ್ತಿದ್ದರು. ಕೇಳಿದವರು, ಪಾಪ, ಬೀಗದಕೈ ಎಲ್ಲಿ ಬಿತ್ತೋ ಎಂದು ಜೇಬು ತಡವಿಕೊಳ್ಳುತ್ತಿದ್ದರು!

ಮಾವನ ಮನೆ ಮಧುಗಿರಿಯಲ್ಲಿ. ಎಂಬತ್ತರ ದಶಕದ ಕೊನೆಯ ಮಾತು. ದಿನಾ ಬಸ್ಸು ಹಿಡಿದು ಜಿಲ್ಲಾ ಕೇಂದ್ರದ ಕಾಲೇಜೊಂದಕ್ಕೆ ಹೋಗಿ ಅಲ್ಲಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಕಂಪ್ಯೂಟರೆಂದರೆ ದೇವರಿಗಿಂತ ಒಂದು ಕೈ ಮೇಲು. ದೇವಸ್ಥಾನಕ್ಕೂ ಇಲ್ಲದ ಏಸಿ ಅದಕ್ಕಿತ್ತು! ಚಪ್ಪಲಿ ಹೊರಗೆ ಬಿಡಬೇಕು. ಆಯುಧಪೂಜೆಯ ದಿನ ಪ್ರಿನ್ಸಿಪಾಲರು ಅದರ ಹಣೆಗೆ ಕುಂಕುಮ ಇಟ್ಟರೆ, ಮರುದಿನ ಮಾವ ಸ್ಪಿರಿಟ್ ಹಾಕಿ ಒರೆಸುತ್ತಿದ್ದರು.

ಇಂಥ ಮಾವ ಒಂದು ದಿನ ದಪ್ಪ ಕೈಪಿಡಿಯೊಳಗೆ ಡಿಬಿಎಂ ಎಂಬ ಅಧ್ಯಾಯವನ್ನು ಓದಿಬಿಟ್ಟರು. ನಾಲ್ಕೇ ಪುಟ. ಒಂದು ಕೀ ಕೊಟ್ಟರೆ ಕಡತದಿಂದ ಒಂದು ವ್ಯಾಲ್ಯೂ ಬರುತ್ತದೆ, ಅಷ್ಟೇ. ಇಡು, ಕೊಡು, ತೆಗೆ, ಮುಚ್ಚು. ಈ ನಾಲ್ಕು ಮಾತು ಬಿಟ್ಟು ಲೋಕದಲ್ಲಿ ಮನುಷ್ಯನಿಗೆ ಬೇರೆ ಮಾತೇ ಬೇಕಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಮದುವೆಯಾದಾಗಲೂ ಮನುಷ್ಯ ಅಷ್ಟು ಖುಷಿಯಾಗಿರಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು.

ಮೊದಲ ಪ್ರಯೋಗ ಅತ್ತೆಯ ಅಡುಗೆಮನೆಯ ಮೇಲೆಯೇ. ಡಬ್ಬಗಳ ಮೇಲಿದ್ದ ‘ತೊಗರಿಬೇಳೆ’, ‘ರವೆ’ ಎಂಬ ಚೀಟಿಗಳನ್ನೆಲ್ಲ ಕಿತ್ತು ನಂಬರು ಅಂಟಿಸಿದರು. ಯಾವ ನಂಬರಿನಲ್ಲಿ ಏನಿದೆ? ಅದು ಕಂಪ್ಯೂಟರಿನಲ್ಲಿದೆ. ಕಂಪ್ಯೂಟರು ಎಲ್ಲಿದೆ? ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ! ಮುಚ್ಚಳ ತೆಗೆದು ನೋಡಿದರಾಯಿತಲ್ಲ ಎನ್ನುತ್ತೀರಾ? ಅತ್ತೆ ಮಾಡಿದ್ದೂ ಅದನ್ನೇ. ಸಂಜೆ ಮಾವ ಗದರಿದರು: “ಕೀ ಇಲ್ದೆ ವ್ಯಾಲ್ಯೂ ಮುಟ್ಟಿದ್ದು ಯಾರು?”

“ನಾನೇ. ಇವತ್ತಿಂದ ಊಟಾನೂ ಕಂಪ್ಯೂಟರನ್ನೇ ಕೇಳ್ಕೊಳ್ಳಿ. ಕೀ ‘ಹಸಿವು’ ಅಂತ ಒತ್ತಿ. ಅದೇನು ಬಡಿಸುತ್ತೋ ನೋಡೋಣ.”

ಬೆಳಗಾಗುವಷ್ಟರಲ್ಲಿ ಹಳೆಯ ಚೀಟಿಗಳು ಡಬ್ಬಗಳ ಮೇಲೆ ಮರಳಿದ್ದವು. ಮಾವನದೇ ಮುದ್ದಾದ ಕೈಬರಹದಲ್ಲಿ.

ಮನೆಯಲ್ಲಿ ಸೋತವರು ಊರು ಉದ್ಧಾರ ಮಾಡಲು ಹೊರಡುವುದು ಲೋಕರೂಢಿಯಲ್ಲವೇ? ಕೊರಟಗೆರೆಯಲ್ಲಿ ಕುರಿ ಸಾಕುವವರ ಸಂಘವೊಂದಿತ್ತು. ಮಧುಗಿರಿ, ಶಿರಾ, ಪಾವಗಡದಲ್ಲೂ ಅದರ ಶಾಖೆಗಳು. ಕುರಿಯ ಕಿವಿಯನ್ನು ಒಂದೊಂದು ಮನೆಯವರು ಒಂದೊಂದು ಥರ ಕತ್ತರಿಸಿ ಗುರುತು ಹಾಕುತ್ತಾರೆ: ಎಡಗಿವಿಯ ತುದಿ, ಬಲಗಿವಿಯ ಸೀಳು, ಹೀಗೆ. ಯಾವ ಗುರುತು ಯಾರದು ಎಂಬ ಪಟ್ಟಿ ನಾಲ್ಕೂ ಕಡೆ ಬೇರೆಬೇರೆಯಾಗಿತ್ತು. ಮಾವನ ಕಣ್ಣು ಬಿತ್ತು. ಕಿವಿಯೇ ಕೀ, ಯಜಮಾನನ ಹೆಸರೇ ವ್ಯಾಲ್ಯೂ!

ನಾನಾಗ ಕೊರಟಗೆರೆಯಲ್ಲಿ ಮೇಷ್ಟ್ರಮ್ಮ. ಭಾನುವಾರಗಳಲ್ಲಿ ಮಾವನ ಜೊತೆ ಊರೂರು ಸುತ್ತುವ ಶಿಕ್ಷೆ ನನ್ನ ಪಾಲಿಗೆ ಬಂತು. ಮಾವ ಸಿಕ್ಕವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ: “ನಿನ್ನ ಕೀ ಯಾವುದು?” ಮಧುಗಿರಿಯ ಹತ್ತಿರ ಒಬ್ಬ, “ಬೀಗಾನೇ ಇಲ್ಲ ಸ್ವಾಮಿ, ಹಟ್ಟಿಗೆ ಮುಳ್ಬೇಲಿ ಆಕಿವ್ನಿ” ಎಂದ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಲ್ಲಿ ಮಾತ್ರ ಒಬ್ಬ ಮುದುಕ, “ಕೀ ಅಂಟೇ ತಾಳಂ ಚೆವಿಯಾ ಸಾಮಿ?” ಎಂದು ಕೇಳಿದ. ತೆಲುಗಿನಲ್ಲಿ ಚೆವಿ ಎಂದರೆ ಕಿವಿ. ಬೀಗದಕೈಯನ್ನು ಅವರು ಬೀಗದ ಕಿವಿ ಎನ್ನುತ್ತಾರೆ. ಮಾವ ಕುಣಿದಾಡಿದರು: “ಚೆವಿ! ಅದೇ ಕಣಯ್ಯ, ಕುರಿಯ ಚೆವಿ!” ಮಾವನ ಮಾತು ಒಂದೇ ಸಲಕ್ಕೆ ಅರ್ಥವಾದ ತಾಲ್ಲೂಕು ಅದೊಂದೇ.

ನಾಲ್ಕು ಪಟ್ಟಿಗಳನ್ನು ಕಾಲೇಜಿನ ನಾಲ್ಕು ಜನ ತಮಗೆ ತೋಚಿದಂತೆ ಕಂಪ್ಯೂಟರಿನ ನಾಲ್ಕು ಬಗೆಯ ಕಡತಗಳಲ್ಲಿ ತುಂಬಿಟ್ಟರು. ಒಂದನ್ನು ಓದುವ ವಿಧಾನದಿಂದ ಇನ್ನೊಂದು ತೆರೆಯದು. ಮಾವ ಹಟಹಿಡಿದು ಕೂತು ಒಂದು ಪ್ರೋಗ್ರಾಮ್ ಬರೆದರು. ಒಳಗಿನ ಕಡತ ಯಾವ ಬಗೆಯದೇ ಇರಲಿ, ಹೊರಗಿನಿಂದ ಅವೇ ನಾಲ್ಕು ಮಾತು: ಇಡು, ಕೊಡು, ತೆಗೆ, ಮುಚ್ಚು. ನಿಜ ಹೇಳುತ್ತೇನೆ, ಅದು ಸೊಗಸಾದ ಕೆಲಸವೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು! ಮಾವ ನಾಲ್ಕನ್ನೂ ಸುರಿದು ಒಂದೇ ದೊಡ್ಡ ಕಡತ ಮಾಡಿದರು. ಪಟ್ಟಿ ಪ್ರಿಂಟಾಗಿ ಸಂಘಕ್ಕೆ ಬಂತು. ಕಾರ್ಯದರ್ಶಿಗಳು ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ, ಇನ್ನು ಮುಂದೆ ಬೆರೆತ ಕುರಿಗಳನ್ನೆಲ್ಲ ಈ ಪಟ್ಟಿ ನೋಡಿಯೇ ಬೇರ್ಪಡಿಸತಕ್ಕದ್ದು ಎಂದು ಆಜ್ಞೆ ಹೊರಡಿಸಿದರು.

ತಿಂಗಳೊಳಗೆ ಒಂದು ಭಾನುವಾರ, ನಾನೂ ಅಲ್ಲಿದ್ದಾಗ, ಮಾವನ ಮನೆಯ ಜಗಲಿಯ ಮೇಲೆ ಒಬ್ಬ ಹೆಂಗಸು ಬಂದು ಕೂತಳು. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಕಡೆಯ ಈರಕ್ಕ. ಗಂಡ ಹೋಗಿ ವರ್ಷ ತುಂಬಿರಲಿಲ್ಲ. ಶಿರಾ ಕಡೆಯಿಂದ ಮೇಯಿಸುತ್ತ ಬಂದ ಚಿತ್ತಯ್ಯ ಎಂಬುವವನ ಮಂದೆಯೊಂದಿಗೆ ಅವಳ ಮಂದೆ ಬೆರೆತಿತ್ತು. ಕಾರ್ಯದರ್ಶಿಗಳು ಪಟ್ಟಿ ಹಿಡಿದು ಬಂದು ಅವಳ ಕುರಿಗಳನ್ನೆಲ್ಲ ಚಿತ್ತಯ್ಯನ ಜೊತೆ ಅಟ್ಟಿಬಿಟ್ಟಿದ್ದರು.

“ನನ್ ಗಂಡನ ಹೆಸ್ರು ಎಲ್ಲಿ ಮಡಗಿದ್ದೀಯಪ್ಪ?” ಎಂದಳು ಈರಕ್ಕ.

ಮಾವ ಕಾಗದ ತಿರುವಿ ಹಾಕಿದರು. ಇಬ್ಬರ ಗುರುತೂ ಒಂದೇ! ಕೊರಟಗೆರೆಯ ಪಟ್ಟಿ ಮೊದಲು ಒಳಗೆ ಹೋಗಿತ್ತು. ಆಮೇಲೆ ಬಂದ ಶಿರಾದ ಹೆಸರು ಹಳೆಯದನ್ನು ಸದ್ದಿಲ್ಲದೆ ಅಳಿಸಿ ಅಲ್ಲೇ ಕೂತಿತ್ತು.

“ಒಂದು ಕೀಗೆ ಒಂದೇ ವ್ಯಾಲ್ಯೂ ಕಣಮ್ಮ...” ಮಾವನ ದನಿ ಮೆತ್ತಗಾಗಿತ್ತು.

“ಅಂಗಂತ ಯಾರೇಳಿದ್ದು?”

“ಪುಸ್ತಕದಲ್ಲಿದೆ.”

“ನಿನ್ ಪುಸ್ತ್ಕ ಯಾವತ್ತಾದ್ರೂ ಕುರಿ ಕಾದೈತಾ?”

ಒಳಗಿನಿಂದ ಅತ್ತೆ ಅವಳಿಗೆ ಎರಡನೇ ಲೋಟ ಕಾಫಿ ತಂದರು. ಮಾವನಿಗೆ ಒಂದನ್ನೂ ತರಲಿಲ್ಲ.

ಆ ದಿನವೇ ಈರಕ್ಕ, ಮಾವ, ನಾನು ಮೂವರೂ ಶಿರಾ ಬಸ್ಸು ಹತ್ತಿದೆವು. ಚಿತ್ತಯ್ಯನ ಜೊತೆ ಜಗಳವಾದೀತೆಂದು ಮಾವ ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತಿದ್ದರು. ಹಟ್ಟಿಯ ಮುಂದೆ ನಮ್ಮನ್ನು ಕಂಡದ್ದೇ ಚಿತ್ತಯ್ಯ ಕೈಮುಗಿದ. “ಬಂದ್ಯೇನಮ್ಮ? ಒಳ್ಳೇದಾಯ್ತು. ಇವು ನಮ್ಮವಲ್ಲ ಅಂತ ನಾನೇ ಬಡ್ಕಂಡೆ ಸ್ವಾಮಿ. ‘ಪೇಪರ್‌ನಾಗೆ ನಿಂದು ಅಂತ ಐತೆ, ವಡ್ಕಂಡೋಗು. ಇಲ್ದಿದ್ರೆ ಪೇಪರ್ ತಪ್ಪಾಗ್ತದೆ’ ಅಂದ್ಬುಟ್ರು ಸೆಕ್ರೆಟ್ರಿ. ನಾಕ್ ದಿನ ಬುಟ್ಟು ವಾಪಸ್ ಬುಡಾಣ ಅಂತಿದ್ದೆ.”

ಕುರಿ ತನ್ನದಲ್ಲವೆಂದು ಒಬ್ಬ ಹೇಳುತ್ತಿದ್ದಾನೆ, ತನ್ನದೆಂದು ಇನ್ನೊಬ್ಬಳು ಹೇಳುತ್ತಿದ್ದಾಳೆ. ವ್ಯಾಜ್ಯವೆಲ್ಲಿದೆ? ಕಾಗದದ ಮಾನ ಉಳಿಸಲು ಮೂವತ್ತು ಕುರಿ ಎರಡು ತಾಲ್ಲೂಕು ದಾಟಿದ್ದವು!

ಈರಕ್ಕ ಬೇಲಿಯ ಹತ್ತಿರ ಹೋಗಿ ನಾಲಿಗೆಯಲ್ಲಿ ಒಂದು ಸದ್ದು ಮಾಡಿದಳು. ದೊಡ್ಡ ಮಂದೆಯೊಳಗಿಂದ ಅವಳ ಕುರಿಗಳು ಮಾತ್ರ ಒಂದೊಂದಾಗಿ ಬಿಡಿಸಿಕೊಂಡು ಬಂದವು. ಅವಳು ಒಂದರ ಕಿವಿಯನ್ನೂ ನೋಡಲಿಲ್ಲ. ಮಾವ ನೋಡುತ್ತ ನಿಂತರು.

ಮುಂದಿನ ಭಾನುವಾರಗಳೆಲ್ಲ ರಿಪೇರಿಗೆ ಹೋದವು. ಪ್ರತಿ ಗುರುತಿನ ಮುಂದೆ ತಾಲ್ಲೂಕಿನ ಹೆಸರನ್ನೂ ಸೇರಿಸಿದರೆ ಒಂದು ಇನ್ನೊಂದನ್ನು ಅಳಿಸುವುದಿಲ್ಲವಂತೆ. ನಾನು ಓದಿದೆ, ಮಾವ ಒತ್ತಿದರು. ಹೊಸ ಪಟ್ಟಿ ಬಂದ ದಿನ ಕಾರ್ಯದರ್ಶಿಗಳು ಅದಕ್ಕೆ ಹಾರ ಹಾಕಿ, “ಕಂಪ್ಯೂಟರಿನ ತಪ್ಪನ್ನು ನಾವು ಮೊದಲೇ ಗಮನಿಸಿದ್ದೆವು” ಎಂದು ಭಾಷಣ ಮಾಡಿದರು.

ಒಂದು ಕೆಲಸ ಬಾಕಿಯಿತ್ತು. ತೀರಿಕೊಂಡವರ ಹೆಸರು ತೆಗೆದು ವಾರಸುದಾರರ ಹೆಸರು ಹಾಕಬೇಕೆಂಬುದು ಸಂಘದ ನಿಯಮ. ಈರಕ್ಕ ತಾನೇ ಕಾಲೇಜಿಗೆ ಬಂದಳು. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಆ ತಣ್ಣನೆಯ ಕೋಣೆಯಲ್ಲಿ ನಿಂತಳು. ಪರದೆಯ ಮೇಲೆ ಹಸಿರು ಅಕ್ಷರಗಳು.

“ಇದೇನಾ ನಮ್ಮೋರ ಹೆಸ್ರು?”

“ಇದೇ ಕಣಮ್ಮ. ಈಗ ನಿನ್ನ ಹೆಸರು ಹಾಕ್ತೀನಿ. ಹಾಕಿದ್ರೆ ಇದು ಹೋಗುತ್ತೆ.”

ಅವಳು ಆ ಅಕ್ಷರಗಳ ಹತ್ತಿರಕ್ಕೆ ಬಂದಳು. “ಮೊದ್ಲು ಮರಿ ತಂದಾಗ ಆ ಗುರ್ತು ಆಕಿದ್ದು ಅವ್ರೇ ಕಣಪ್ಪ. ಅಳ್ಸಬ್ಯಾಡ. ನಂದೂ ಪಕ್ಕದಾಗೆ ಬರ್ದ್‌ಬುಡು.”

ನಿಯಮವೆಂದರೆ ನಿಯಮ ಎಂದು ಮಾವ ಈಗ ಹೇಳುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು. ಗಂಡನ ಹೆಸರನ್ನು ಹಾಗೇ ಉಳಿಸಿ, ನಡುವೆ ಒಂದು ಚುಕ್ಕಿಯನ್ನೂ ಇಡದೆ ಅದಕ್ಕೆ ತಾಗಿದಂತೆ ಈರಕ್ಕನ ಹೆಸರನ್ನೂ ಬರೆದರು. ನನ್ನ ಕಡೆ ತಿರುಗಿ, “ಎರಡಲ್ಲ ಕಣೇ. ಇದು ಒಂದೇ ವ್ಯಾಲ್ಯೂ” ಎಂದರು.

ಈರಕ್ಕನಿಗೆ ಓದು ಬರುತ್ತಿರಲಿಲ್ಲ. “ಒಂದ್ಕಿತ ಓದಪ್ಪ” ಎಂದಳು. ಮಾವ ಓದಿದರು.

“ಇನ್ನೊಂದ್ಕಿತ.”

ಕೇಳಿದ್ದನ್ನೇ ಕೇಳಿದರೆ ಸಿಡುಕುವ ನಮ್ಮ ಮಾವ ಆ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಮತ್ತೆ ಓದಿದರು. ಅವಳು ಸಾಕೆನ್ನುವವರೆಗೂ ಓದುತ್ತಲೇ ಇದ್ದರು.