ಆಯಿ ಕಂಡ ನನ್ನ ಎತ್ತರ ಜಿಗಿತ

ದೇಶದ ಅಂಗಿ ತೊಟ್ಟು ಪರದೇಶಗಳಲ್ಲಿ ಎತ್ತರ ಜಿಗಿದು ಬಂದವಳು ನಾನು. ಆದರೂ ನವಲಗುಂದದಲ್ಲಿ ಬಸ್ಸಿಳಿದು ನಮ್ಮೂರ ಹಾದಿ ಹಿಡಿದೆನೆಂದರೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಹೆಚ್ಚಿನವೆಲ್ಲ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಕೃಪೆ. ಊರವರು ಶಾಲು ಹೊದಿಸಿದರು, ಹಾರ ಹಾಕಿದರು. ನನಗೆ ಬೇಕಿದ್ದದ್ದು ಆಯಿಯ ಬಾಯಿಂದ ಒಂದು ಶಾಬಾಸ್. ಮುದುಕಿ ಅದೊಂದನ್ನು ಮಾತ್ರ ಟ್ರಂಕಿನೊಳಗಿಟ್ಟು ಕೀಲಿ ಹಾಕಿದ್ದಳು.

ಹೊಸ ತಳಿ

ನಾನಿನ್ನೂ ಶಾಲೆಯಲ್ಲಿದ್ದೆ. ಸುಗ್ಗಿಯಲ್ಲಿ ಹತ್ತಿ ತಂದು ನಮ್ಮ ಪಡಸಾಲೆ ತುಂಬ ಒಟ್ಟುತ್ತಿದ್ದರು. ಅಂಗಳದಿಂದ ಓಡಿ ಬಂದು, ಅಡ್ಡ ಕಟ್ಟಿದ ಹಗ್ಗ ಹಾರಿ, ಆ ರಾಶಿಯ ಮೇಲೆ ಬೆನ್ನಡಿಯಾಗಿ ಬೀಳುವುದು ನನ್ನ ಅಭ್ಯಾಸ. ಒಂದು ದಿನ ವ್ಯಾಪಾರಿ ಬಂದು ಹತ್ತಿಯೊಳಗೆ ಕೈ ಹಾಕಿದ. ಮೊದಲು ನನ್ನ ರಿಬ್ಬನ್ ಬಂತು, ಆಮೇಲೆ ಒಂದು ಕಾಲ್ಚೀಲ.

ವ್ಯಾಪಾರಿ ಅದನ್ನು ಎತ್ತಿ ಹಿಡಿದು ಕೇಳಿದ: "ಇದ್ಯಾವ ತಳಿರಿ ಆಯಿ? ಹೊಲದಾಗ ನೇಯ್ದ ಬಂದೈತಲ್ಲ!"

ತಿರುಗಿ ದಾಟು

ಮಲಗಿದ ಕೂಸನ್ನು ದಾಟಿದರೆ ಅದು ಬೆಳೆಯುವುದಿಲ್ಲ, ದಾಟಿದವರು ತಿರುಗಿ ದಾಟಬೇಕು. ಇದು ನಮ್ಮ ಕಡೆಯ ನಂಬಿಕೆ. ಆಯಿಗಂತೂ ಕೂಸೇ ಆಗಲಿ, ಕೋಲೇ ಆಗಲಿ, ದಾಟಿದರೆ ದಾಟಿದಂತೆ.

ಧಾರವಾಡದ ಪಂದ್ಯ ನೋಡಲು ಅವಳನ್ನು ಕರೆದುಕೊಂಡು ಹೋಗಿದ್ದೆ. ನಾನು ಕೋಲು ಹಾರಿ ಗಾದಿಯ ಮೇಲೆ ಬಿದ್ದೆ, ಎದ್ದು ನಡೆದೆ. ಜನ ಚಪ್ಪಾಳೆ ತಟ್ಟುತ್ತಿದ್ದಾರೆ, ಆಯಿ ಎದ್ದು ನಿಂತು ಕೂಗುತ್ತಿದ್ದಾಳೆ: "ಲೇ, ಹಂಗ ಹೊಂಟಿಯಲ್ಲ! ತಿರಗಿ ದಾಟ!"

ತೀರ್ಪುಗಾರರು ಕುಳ್ಳಗಿನ, ಸಮಾಧಾನದ ಮನುಷ್ಯ. ಹತ್ತಿರ ಬಂದು, "ಅಜ್ಜಿ, ಒಂದ ಸಲ ದಾಟಿದ್ರ ಸಾಕ್ರಿ" ಅಂದರು.

ಆಯಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ದಾಟಿದವರೂ ಹಂಗ ಅಂದಿರಬೇಕು, ತಮ್ಮಾ."

ಸಂತಾಪ

ಎತ್ತರ ಜಿಗಿತದಲ್ಲಿ ಗೆದ್ದವರ ಆಟವೂ ಸಾಮಾನ್ಯವಾಗಿ ಕೋಲು ಕೆಡವಿಯೇ ಮುಗಿಯುತ್ತದೆ. ಪರದೇಶದ ಒಂದು ಪಂದ್ಯದಲ್ಲಿ ಉಳಿದವರೆಲ್ಲ ಸೋತು ಚಿನ್ನ ನನ್ನದಾಗಿತ್ತು. ಇನ್ನೂ ಎತ್ತರ ಆಗುತ್ತದೇನೋ ನೋಡೋಣವೆಂದು ಕೋಲು ಏರಿಸಿ, ಮೂರು ಸಲ ಕೆಡವಿದೆ. ಊರಲ್ಲಿ ಪಂದ್ಯ ನೋಡಲು ಕೂತವರ ಮೊಬೈಲಿಗೆ ಇಂಟರ್ನೆಟ್ ಬಂದದ್ದು ಸರಿಯಾಗಿ ಆಗಲೇ. ಮೂರೂ ಬೀಳುವುದನ್ನು ತೋರಿಸಿ ಮತ್ತೆ ಹೋಯಿತು.

ನಾನು ಫೋನ್ ಮಾಡಿದರೆ ಅವ್ವ ಬಿಕ್ಕುತ್ತಿದ್ದಾಳೆ. ಓಣಿಯ ಮಂದಿಯೆಲ್ಲ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಲೊಚಗುಟ್ಟುತ್ತಿದ್ದಾರೆ. ಬಾಜು ಮನೆಯ ಕಾಕಾ ಫೋನ್ ಇಸಿದುಕೊಂಡರು.

"ಮನಸಿಗೆ ಹಚ್ಚಿಕೋಬ್ಯಾಡ ತಂಗಿ. ಹೊಲಾ ಐತಿ, ಮನಿ ಐತಿ."

"ಕಾಕಾ, ನಾ ಗೆದ್ದೀನ್ರಿ!"

"ಹೌದವಾ, ಹಂಗ ಅಂದಕೊಂಡ ಧೈರ್ಯಾ ತಗೋಬೇಕು."

ಕೊನೆಗೆ ಆಯಿ ಬಂದಳು. "ಕೋಲು ಬಿತ್ತಲ್ಲ?"

"ಎಲ್ಲಾರದೂ ಬೀಳತೈತಿ ಆಯಿ. ನಂದು ಎಲ್ಲಾರಿಗಿಂತ ಕಡೀಕ, ಎಲ್ಲಾರಿಗಿಂತ ಮ್ಯಾಲ ಬಿತ್ತು. ಬಂಗಾರದ ಪದಕ ಕೊಟ್ಟಾರ."

ಆಯಿ ಪಡಸಾಲೆಗೆಲ್ಲ ಕೇಳುವಂತೆ ಗದರಿದಳು: "ಅಳೂದ ಬಿಡ್ರಿ! ನನ್ನ ಮೊಮ್ಮಗಳು ಗೆದ್ದಾಳ!" ನನಗೆ ಮೆಲ್ಲಗೆ ಹೇಳಿದಳು: "ಶಾಬಾಸ್, ನನ್ನವ್ವ."

ನನ್ನ ಕಣ್ಣು ತುಂಬಿ ಬಂದವು. ಇಷ್ಟು ವರ್ಷ ಜಿಗಿದದ್ದು ಇದೊಂದು ಮಾತಿಗೇ ಅನ್ನಿಸಿತು. ಆದರೆ ಆಯಿಯ ಮಾತು ಮುಗಿದಿರಲಿಲ್ಲ.

"ಸೋತಿದ್ರ ಚಹಾದಾಗ ಮುಗೀತಿತ್ತು. ಗೆದ್ದಿ, ಈಗ ಈ ಮಂದಿಗೆಲ್ಲ ಹೋಳಿಗಿ ಆಗಬೇಕು. ಸಮುದ್ರಾ ದಾಟಿ ಹೋಗೀಯಲ್ಲ, ಇದನ್ನರೆ ಲಗೂನ ತಿರಗಿ ದಾಟ. ನಾ ಒಬ್ಬಾಕಿ ಎಷ್ಟಂತ ಲಟ್ಟಿಸ್ಲಿ?"